ಹೈದರಾಬಾದಿಗೆ ಹೊರಟಿದ್ದೀರಾ? ಮೊದಲು ಶುಕ್ರವಾರದ ಲೆಕ್ಕ ಹಾಕಿ

ಗುರುವಾರ ರಾತ್ರಿ ಬೆಂಗಳೂರಿನಲ್ಲಿ ರೈಲು ಹತ್ತುವುದು, ಶುಕ್ರವಾರ ಬೆಳಿಗ್ಗೆ ಕಾಚಿಗುಡದಲ್ಲಿ ಇಳಿಯುವುದು, ಭಾನುವಾರ ರಾತ್ರಿ ವಾಪಸ್ಸು. ಒಂದೇ ದಿನ ರಜೆ ಹಾಕಿದರೆ ಸಾಕು ಎಂದು ನಮ್ಮ ಕಡೆಯಿಂದ ಹೈದರಾಬಾದಿಗೆ ಹೋಗುವವರು ಬಹಳ ಮಂದಿ ಹೀಗೇ ಟಿಕೆಟ್ ಮಾಡಿಸುತ್ತಾರೆ. ಆದರೆ ಸಾಲಾರ್ ಜಂಗ್ ಮ್ಯೂಸಿಯಂ, ಚೌಮಹಲ್ಲಾ ಅರಮನೆ, ಪುರಾನಿ ಹವೇಲಿಯಲ್ಲಿರುವ ನಿಜಾಮರ ಮ್ಯೂಸಿಯಂ, ಈ ಮೂರಕ್ಕೂ ವಾರದ ರಜೆ ಶುಕ್ರವಾರ. ಮ್ಯೂಸಿಯಂ ಅಂದರೆ ಸೋಮವಾರ ಬಾಗಿಲು ಹಾಕಿರುತ್ತದೆ ಎಂದುಕೊಂಡು ಬಂದವರಿಗೆ ಇಲ್ಲಿ ಇಡೀ ಒಂದು ದಿನ ಕೈತಪ್ಪುತ್ತದೆ.

ಇದು ಗೊತ್ತಿಲ್ಲದವರನ್ನು ನಂಬಿಕೊಂಡೇ ವ್ಯಾಪಾರ ಮಾಡುವವರೂ ಇದ್ದಾರೆ. ನಾವು ಇಳಿದುಕೊಂಡಿದ್ದ ಲಾಡ್ಜಿನ ಕೌಂಟರಿನಲ್ಲಿ ಒಂದು ಖಾಸಗಿ ಸಿಟಿ ಟೂರ್ ಬಸ್ಸಿನ ಟಿಕೆಟ್ ಮಾರುತ್ತಿದ್ದರು, ತಲೆಗೆ 500. ಪಟ್ಟಿಯಲ್ಲಿ ಸಾಲಾರ್ ಜಂಗ್, ಚೌಮಹಲ್ಲಾ ಎರಡೂ ಇದ್ದವು. ಶುಕ್ರವಾರ ರಜೆಯಲ್ಲವೇ ಎಂದು ನಾನು ನೇರವಾಗಿ ಕೇಳಿದೆ. ‘ಸಬ್ ಕವರ್ ಹೋತಾ ಸಾಬ್’, ಎಲ್ಲವೂ ಆಗುತ್ತದೆ ಎಂದ ಕೌಂಟರಿನವನು. ಎಂಟಕ್ಕೆ ಹೊರಡಬೇಕಾದ ಬಸ್ಸು ಲಾಡ್ಜಿಂದ ಲಾಡ್ಜಿಗೆ ಜನ ತುಂಬಿಸಿಕೊಳ್ಳುತ್ತಾ ನಿಜಕ್ಕೂ ಹೊರಟಾಗ ಹತ್ತೂಕಾಲು. ಎಸಿ ಅಂತ ದುಡ್ಡು ತೆಗೆದುಕೊಂಡಿದ್ದರು, ಬರುತ್ತಿದ್ದದ್ದು ಬಿಸಿಗಾಳಿ. ಕಿಟಕಿ ತೆರೆಯಲು ಬರುವಂತಿರಲಿಲ್ಲ. ಸಾಲಾರ್ ಜಂಗ್ ಗೇಟಿನ ಮುಂದೆ ನಿಲ್ಲಿಸಿ, ‘ಇವತ್ತು ಬಂದ್, ಹೊರಗಿನಿಂದ ಫೋಟೋ ತೆಗೆದುಕೊಳ್ಳಿ, ಹತ್ತು ನಿಮಿಷ’ ಎಂದರು. ಚೌಮಹಲ್ಲಾದ ಮುಂದೆಯೂ ಅದೇ ಮಾತು. ಆಮೇಲೆ ಒಂದು ಮುತ್ತಿನ ಅಂಗಡಿಯಲ್ಲಿ ಮಾತ್ರ ಒಂದೂವರೆ ತಾಸು ಕೂರಿಸಿದರು. ಹಿಂದಿನ ಸೀಟಿನಲ್ಲಿದ್ದ ಮಂಡ್ಯದ ಹಿರಿಯ ದಂಪತಿ ಮರುದಿನ ತಿರುಪತಿಗೆ ಹೋಗುವವರಿದ್ದರು. ಅವರಿಗೆ ಆ ಮ್ಯೂಸಿಯಂ ಕೊನೆಗೂ ಸಿಗಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಮುತ್ತು ಬೇಕಿದ್ದವರು ಚಾರ್‌ಮಿನಾರ್ ಹತ್ತಿರದ ಪತ್ಥರ್‌ಗಟ್ಟಿಗೆ ತಾವೇ ಹೋಗಿ, ನಾಲ್ಕು ಅಂಗಡಿ ವಿಚಾರಿಸಿ, ಬಿಲ್ಲು ಹಾಕಿಸಿಕೊಂಡು ತರಲಿ.

ಈ ಊರಿಗೆ ಟೂರ್ ಬಸ್ಸೇ ಬೇಡ. ಮೆಟ್ರೋದ ಕೆಂಪು ಮತ್ತು ಹಸಿರು ಮಾರ್ಗಗಳು ಎಂಜಿಬಿಎಸ್‌ನಲ್ಲಿ, ಅಂದರೆ ಮಹಾತ್ಮ ಗಾಂಧಿ ಬಸ್ ನಿಲ್ದಾಣದಲ್ಲಿ ಸೇರುತ್ತವೆ. ನಮ್ಮ ಬೀದರ, ಕಲಬುರಗಿ ಬಸ್ಸುಗಳು ಬರುವ ನಿಲ್ದಾಣವೂ ಅಲ್ಲೇ. ಅಲ್ಲಿಂದ ಮೂಸಿ ನದಿ ದಾಟಿದರೆ ಸಾಲಾರ್ ಜಂಗ್ ನಡೆದು ಹೋಗುವಷ್ಟು ದೂರ.

ಶುಕ್ರವಾರವನ್ನು ಗೋಲ್ಕೊಂಡಕ್ಕೆ ಇಡಿ, ಕೋಟೆ ಅಂದು ತೆರೆದಿರುತ್ತದೆ. ಬಿಸಿಲು ಇಳಿಯುವ ಹೊತ್ತಿಗೆ, ಮೂರೂವರೆ ಸುಮಾರಿಗೆ ಒಳಹೋಗಿ. ಫತೇ ದರ್ವಾಜಾದ ಗುಮ್ಮಟದ ಕೆಳಗೆ ಚಪ್ಪಾಳೆ ತಟ್ಟಿದರೆ ಮೇಲೆ ಕೋಟೆಯ ತುದಿಯಲ್ಲಿರುವ ಬಾಲಾ ಹಿಸ್ಸಾರಿಗೆ ಕೇಳಿಸುತ್ತದೆ ಎನ್ನುವುದನ್ನು ತೋರಿಸಲು ಗೈಡ್‌ಗಳು ಮುತ್ತಿಕೊಳ್ಳುತ್ತಾರೆ. ಅದಕ್ಕೆ ಗೈಡ್ ಬೇಕಿಲ್ಲ, ಅಲ್ಲಿ ಸದಾ ಯಾರಾದರೂ ಚಪ್ಪಾಳೆ ತಟ್ಟುತ್ತಲೇ ಇರುತ್ತಾರೆ. ಭದ್ರಾಚಲ ರಾಮದಾಸರನ್ನು ಇಟ್ಟಿದ್ದ ಸೆರೆಮನೆಯನ್ನು ಮಾತ್ರ ತಪ್ಪಿಸಬೇಡಿ. 1687ರಲ್ಲಿ ಔರಂಗಜೇಬ ಸುಮಾರು ಎಂಟು ತಿಂಗಳು ಮುತ್ತಿಗೆ ಹಾಕಿ ಕೂತ ಕೋಟೆ ಇದು. ಮೇಲೆ ಹತ್ತಿ ಸುತ್ತಲೂ ನೋಡಿದರೆ ಅಷ್ಟು ದಿನ ಏಕೆ ಬೇಕಾಯಿತು ಎಂಬುದು ತಾನಾಗಿ ತಿಳಿಯುತ್ತದೆ. ಮಂಡಿನೋವಿನವರನ್ನು ಹತ್ತಿಸಬೇಡಿ, ಮೆಟ್ಟಿಲುಗಳು ಎತ್ತರ. ಸಂಜೆಯ ಧ್ವನಿ-ಬೆಳಕು ಪ್ರದರ್ಶನಕ್ಕೆ ಕೂರುವುದಾದರೆ ಸೊಳ್ಳೆ ಮುಲಾಮು ಹಚ್ಚಿಕೊಂಡೇ ಕೂರಿ.

ಸಾಲಾರ್ ಜಂಗ್‌ಗೆ ಶನಿವಾರ ಬಾಗಿಲು ತೆರೆಯುವ ಹತ್ತು ಗಂಟೆಗೇ ಹೋಗಿ. ನನಗೆ ಗದ್ದಲ ಆಗುವುದಿಲ್ಲ, ಮಧ್ಯಾಹ್ನದ ಮೇಲೆ ಅಲ್ಲಿ ನಿಲ್ಲಲಾರೆ. ಒಳಗೆ ಬಂದವರೆಲ್ಲ ಮೊದಲು ಓಡುವುದು ಸಂಗೀತ ಗಡಿಯಾರದ ಕಡೆಗೆ. ಪ್ರತಿ ಗಂಟೆಗೂ ಪುಟ್ಟ ಗಡ್ಡದ ಬೊಂಬೆಯೊಂದು ಹೊರಬಂದು ಗಂಟೆ ಬಾರಿಸಿ ಒಳಗೆ ಹೋಗುತ್ತದೆ. ಹನ್ನೆರಡು ಹೊಡೆತ ಕೇಳಬೇಕೆಂದು ಮಧ್ಯಾಹ್ನ ಜಾತ್ರೆಯೇ ನೆರೆಯುತ್ತದೆ. ಹನ್ನೊಂದರ ಗಂಟೆಗೆ ಹೋದರೆ ಬೆಂಚಿನಲ್ಲಿ ಜಾಗ ಸಿಗುತ್ತದೆ. ಇಟಲಿಯ ಶಿಲ್ಪಿ ಬೆನ್ಜೋನಿ ಕಡೆದ ಮುಸುಕಿನ ರೆಬೆಕ್ಕಾಳ ಪ್ರತಿಮೆಯನ್ನು ಅದಕ್ಕೂ ಮುಂಚೆ, ಜನ ಸೇರುವ ಮೊದಲೇ ನೋಡಿಬಿಡಿ. ಅಮೃತಶಿಲೆಯ ಮುಖದ ಮೇಲೆ ಅಮೃತಶಿಲೆಯದೇ ತೆಳು ಬಟ್ಟೆ. ಎಷ್ಟು ಹತ್ತಿರ ಹೋದರೂ ಕಣ್ಣು ನಂಬುವುದಿಲ್ಲ. ನಮ್ಮವರು ಹುಡುಕಿ ನೋಡಬೇಕಾದದ್ದು ಬೇರೆ ಎರಡಿವೆ: ಬಿದ್ರಿ ಸಾಮಾನುಗಳ ಕೋಣೆ, ಮತ್ತು ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ಟಿಪ್ಪುವಿಗೆ ಕಳುಹಿಸಿದ್ದೆಂದು ಮ್ಯೂಸಿಯಂ ಹೇಳುವ ದಂತದ ಕುರ್ಚಿಗಳು. ಬೀದರಿನ ಕುಸುರಿಯನ್ನು ಇಷ್ಟು ಒಟ್ಟಿಗೆ ನಾನು ಬೀದರಿನಲ್ಲೂ ನೋಡಿರಲಿಲ್ಲ. ಅಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ.

ಇನ್ನು ಹೊಟ್ಟೆಯ ವಿಷಯ. ನಾನು ದಾವಣಗೆರೆಯವನು, ಬೆಣ್ಣೆ ದೋಸೆಯಲ್ಲಿ ಬೇರೆ ಊರನ್ನು ಸುಲಭಕ್ಕೆ ಒಪ್ಪುವುದಿಲ್ಲ. ಆದರೂ ಚಾರ್‌ಮಿನಾರ್‌ನಿಂದ ಗುಲ್ಜಾರ್ ಹೌಜ್ ಕಡೆಗೆ ಬರುವಾಗ ಗಲ್ಲಿಯೊಳಗೆ ನಿಂತಿದ್ದ ಒಂದು ಬಂಡಿಯ ದೋಸೆಯನ್ನು ಬಾಯ್ತುಂಬ ಹೊಗಳುತ್ತೇನೆ. ಹಿಟ್ಟು ಹೊಯ್ದು ಹರಡಿದ ಮೇಲೆ ಅದರ ಮೇಲೆಯೇ ಒಂದು ಸೌಟು ಉಪ್ಪಿಟ್ಟು, ಈರುಳ್ಳಿ, ಟೊಮೆಟೊ, ಕಾರದ ಪುಡಿ, ಒಂದು ಮುದ್ದೆ ಬೆಣ್ಣೆ. ಎಲ್ಲವನ್ನೂ ಕಾವಲಿಯ ಮೇಲೇ ಜಜ್ಜಿ, ದೋಸೆಯ ಅಂಚಿನವರೆಗೂ ಸವರುತ್ತಾನೆ. ಉಪ್ಪಿಟ್ಟು ಅಂದರೆ ಮುಖ ತಿರುಗಿಸುವ ನನ್ನ ಮಗಳು ಎರಡನೆಯದನ್ನು ಕೇಳಿ ಹಾಕಿಸಿಕೊಂಡಳು. ಅದೇ ಕಾವಲಿಯಲ್ಲಿ ಬೆಣ್ಣೆ, ಪುಡಿ ಹಾಕಿ ಹೊರಳಿಸಿದ ಇಡ್ಲಿಯೂ ಸಿಗುತ್ತದೆ, ಅದನ್ನು ನಿಂತಲ್ಲೇ ಬಿಸಿಬಿಸಿ ತಿನ್ನಬೇಕು, ಕಟ್ಟಿಸಿಕೊಂಡು ಹೋದರೆ ಕೆಟ್ಟಿತು. ಕೂರಲು ಜಾಗವಿಲ್ಲ, ಕೈ ತೊಳೆಯಲು ಒಂದು ಡ್ರಮ್ಮು, ಅಷ್ಟೇ. ನಾಲ್ಕು ಜನ ಹೊಟ್ಟೆತುಂಬ ತಿಂದದ್ದಕ್ಕೆ ಲಾಡ್ಜಿನವರು ಒಬ್ಬರ ತಿಂಡಿಗೆ ಕೇಳಿದಷ್ಟೂ ಆಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಂಡಿ ಖಾಲಿ, ಬೆಳಿಗ್ಗೆಯೇ ಹೋಗಿ. ಆಮೇಲೆ ಚಾರ್‌ಮಿನಾರ್ ಪಕ್ಕದ ನಿಮ್ರಾದಲ್ಲಿ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು.

ಚಾರ್‌ಮಿನಾರ್ ಮೇಲೆ ಹತ್ತಲು ಭಾನುವಾರ ಹೋಗಲೇಬೇಡಿ. ಸುರುಳಿ ಮೆಟ್ಟಿಲು ಒಬ್ಬರು ಹತ್ತುವಷ್ಟೇ ಅಗಲ, ಇಳಿಯುವವರು ಎದುರಾದರೆ ಉಸಿರುಗಟ್ಟುತ್ತದೆ. ನಾವು ಕೆಳಗಿನಿಂದಲೇ ನೋಡಿ, ಲಾಡ್ ಬಜಾರಿನ ಒಳಗಿಂದ ಚೌಮಹಲ್ಲಾಕ್ಕೆ ನಡೆದೆವು. ದರ್ಬಾರು ಹಾಲಿನ 19 ಬೆಲ್ಜಿಯಂ ಗಾಜಿನ ದೀಪಗುಚ್ಛಗಳು, ಅಂಗಳದ ನೀರು, ನಿಜಾಮರ ಹಳೆಯ ಕಾರುಗಳು, ಕೂರಲು ನೆರಳು. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಹಳೇ ಊರಿನಲ್ಲಿ ಇದಕ್ಕಿಂತ ನೆಮ್ಮದಿಯ ಜಾಗ ನಮಗೆ ಸಿಗಲಿಲ್ಲ. ಬಳೆ ಕೊಳ್ಳುವವರು ಅರಮನೆ ಮುಗಿಸಿಕೊಂಡು ವಾಪಸ್ಸು ಬರುವಾಗ ಲಾಡ್ ಬಜಾರಿನಲ್ಲಿ ನಿಲ್ಲಿ. ಬೆಳಿಗ್ಗೆ ಹೋಗುವಾಗ ಅರ್ಧಕ್ಕರ್ಧ ಅಂಗಡಿಗಳು ತೆರೆದೇ ಇರಲಿಲ್ಲ. ಮೊದಲು ಹೇಳಿದ ಬೆಲೆಗೆ ಮಾತ್ರ ಕೊಳ್ಳಬೇಡಿ.