ಹಿಮ್ಮೇಳ ಯಾರದ್ದು ಅಂತ ಕೇಳಿದ್ರು ಮಾವ

ಲಂಡನಿನಲ್ಲಿ ಟಿಕೆಟ್ ತೆಗೆದು ಒಂದು ಡ್ಯಾನ್ಸ್ ನೋಡಿ ಬಂದೆ ಅಂತ ಮರುದಿನ ಬೆಳಿಗ್ಗೆ ಊರಿಗೆ ಫೋನ್ ಮಾಡಿ ಹೇಳಿದ್ರೆ ಕಾಸರಗೋಡಿನ ನೀರ್ಚಾಲಿನ ನನ್ನ ಸೋದರಮಾವ ಟಿಕೆಟ್ಟಿಗೆ ಎಷ್ಟಾಯ್ತು ಅಂತ ಕೇಳ್ಲಿಲ್ಲ, ಕುಣಿದದ್ದು ಯಾರು ಅಂತಲೂ ಕೇಳ್ಲಿಲ್ಲ, ಸೀದಾ ಕೇಳಿದ್ದು "ಹಿಮ್ಮೇಳ ಯಾರದ್ದು ಮಾರಾಯ?" ಅಂತ. ಮಾವ ಹವ್ಯಾಸಿ ಯಕ್ಷಗಾನ ಸಂಘದಲ್ಲಿ ಸುಮಾರು ವರ್ಷ ಚೆಂಡೆ ಬಾರಿಸಿದವರು, ಅವರಿಗೆ ಆಟ ಅಂದ್ರೆ ಮೊದಲು ಭಾಗವತರು, ಮತ್ತೆ ಚೆಂಡೆ ಮದ್ದಳೆ, ವೇಷ ಎಲ್ಲ ಆಮೇಲೆ. ನನಗೆ ಬಾಯಿಗೆ ಉತ್ತರ ಬರ್ಲಿಲ್ಲ. ಬ್ಯಾಗಿನಲ್ಲಿ ಮಡಚಿ ಹೋಗಿದ್ದ ಪ್ರೋಗ್ರಾಮ್ ಪುಸ್ತಕ ತೆಗೆದು ಹಿಂದಿನ ಪುಟಗಳ ಸಣ್ಣ ಅಕ್ಷರ ಓದ್ಲಿಕ್ಕೆ ಶುರು ಮಾಡಿದ್ದು ಅಲ್ಲಿಂದ. ಊರಲ್ಲಿರುವ ಸುಮಾರು ಜನ ಅಲ್ಲಿ ಎಂತ ನೋಡ್ತೀಯಾ, ಎಂತ ಉಂಟು ಅಲ್ಲಿ ಅಂತ ಕೇಳ್ತಾ ಇರ್ತಾರಲ್ಲ, ಅವರಿಗೂ ಆಯ್ತು ಅಂತ ಇಲ್ಲಿ ಬರೀತಾ ಇದ್ದೇನೆ.

ನೋಡಿದ್ದು ಅಕ್ರಮ್ ಖಾನ್ ಕಂಪನಿಯವರ 'ಕ್ಸೆನೋಸ್', 2018ರ ಜೂನ್ ಮೊದಲ ವಾರ. ಅಕ್ರಮ್ ಖಾನ್ ಹುಟ್ಟಿದ್ದು 1974ರಲ್ಲಿ ಲಂಡನಿನ ವಿಂಬಲ್ಡನ್‌ನಲ್ಲಿ, ಅಪ್ಪ ಅಮ್ಮ ಬಾಂಗ್ಲಾದೇಶದಿಂದ ಬಂದವರು. ಆಗ ನಾನು ಬಾಡಿಗೆಗೆ ಇದ್ದ ಟೂಟಿಂಗ್‌ಗೂ ವಿಂಬಲ್ಡನ್‌ಗೂ ದೂರ ಹೆಚ್ಚಿಲ್ಲ, ನೀರ್ಚಾಲಿನಿಂದ ಬದಿಯಡ್ಕಕ್ಕೆ ಇದ್ದಷ್ಟೇ. ಏಳು ವರ್ಷಕ್ಕೆ ಪ್ರತಾಪ್ ಪವಾರ್ ಅವರಲ್ಲಿ ಕಥಕ್ ಕಲೀಲಿಕ್ಕೆ ಸೇರಿದ್ರು, ಈ ಪವಾರ್ ಬಿರ್ಜೂ ಮಹಾರಾಜರ ಶಿಷ್ಯ. ಹದಿಮೂರಕ್ಕೆ ಪೀಟರ್ ಬ್ರೂಕ್ ಅವರ ಮಹಾಭಾರತ ನಾಟಕದ ತಂಡ ಸೇರಿ ದೇಶ ದೇಶ ತಿರುಗಾಟ. ಆಮೇಲೆ ಈ ಕಂಟೆಂಪರರಿ ಡ್ಯಾನ್ಸ್ ಕಲಿತು, 2000ರಲ್ಲಿ ಫಾರೂಕ್ ಚೌಧರಿ ಅಂತ ಒಬ್ಬರ ಜೊತೆ ಸೇರಿ ಕಂಪನಿ ಶುರು ಮಾಡಿದ್ದು. ಚೌಧರಿ ಪಾಕಿಸ್ತಾನದಲ್ಲಿ ಹುಟ್ಟಿದವರು, ಸ್ವತಃ ಡ್ಯಾನ್ಸರ್ ಆಗಿದ್ದು ಕುಣಿತ ಬಿಟ್ಟು ಪ್ರೊಡ್ಯೂಸರ್ ಆದವರು. ಮೇಳದ ಮ್ಯಾನೇಜರ್ ಅಂತ ಮಾವನಿಗೆ ಹೇಳಿದೆ, "ಕುಣಿದು ಗೊತ್ತಿದ್ದ ಮ್ಯಾನೇಜರ್ ಸಿಕ್ಕುವುದು ಪುಣ್ಯ" ಅಂತ ಒಂದೇ ಮಾತು.

ಒಂದು ವಿಷಯ ಮಾತ್ರ ಮಾವನಿಗೆ ಹಿಡಿಸ್ಲಿಲ್ಲ, ಕಂಪನಿಗೆ ಕುಣಿಯುವವನದ್ದೇ ಹೆಸರಾ ಅಂತ. ನಮ್ಮಲ್ಲಿ ಧರ್ಮಸ್ಥಳ ಮೇಳ, ಕಟೀಲು ಮೇಳ, ಎಡನೀರು ಮೇಳ, ಮೇಳಕ್ಕೆ ಕ್ಷೇತ್ರದ ಹೆಸರು, ಕಲಾವಿದ ಈ ವರ್ಷ ಇದರಲ್ಲಿ ಇದ್ರೆ ಬರುವ ವರ್ಷ ಇನ್ನೊಂದರಲ್ಲಿ. ಇಲ್ಲಿ ಮನುಷ್ಯನ ಹೆಸರೇ ಬೋರ್ಡು, ಪೋಸ್ಟರಿನಲ್ಲಿ ಅವನದ್ದೇ ಮುಖ. ನನಗೂ ಮೊದಲು ಹಾಗೇ ಕಂಡಿತ್ತು, ಎಲ್ಲ ಒಬ್ಬನದ್ದೇ ಮೆರವಣಿಗೆ ಅಂತ. ಆದ್ರೆ ಪುಸ್ತಕದ ಹಿಂದಿನ ಪುಟಕ್ಕೆ ಹೋದ್ರೆ ಅಲ್ಲಿ ಒಂದು ಇಡೀ ಚೌಕಿ, ಅಂದ್ರೆ ಬಣ್ಣದ ಮನೆಯೇ, ಕೂತಿದೆ ಮಾರಾಯ್ರೆ.

ಹಳೇ ಪ್ರದರ್ಶನಗಳ ಕತೆಯೂ ಹಾಗೇ. 2002ರ 'ಕಾಶ್'ಗೆ ರಂಗವಿನ್ಯಾಸ ಅನೀಶ್ ಕಪೂರ್, ಮುಂಬೈಯಲ್ಲಿ ಹುಟ್ಟಿ ಇಲ್ಲಿ ದೊಡ್ಡ ಶಿಲ್ಪಿ ಆದವರು, ಸಂಗೀತ ನಿತಿನ್ ಸಾಹ್ನಿ. 2005ರ 'ಝೀರೋ ಡಿಗ್ರೀಸ್'ನಲ್ಲಿ ಬೆಲ್ಜಿಯಮ್ಮಿನ ಸಿದಿ ಲಾರ್ಬಿ ಶೆರ್ಕಾವಿ ಜೊತೆ ಇಬ್ಬರೇ ಕುಣಿತ, ಅವರಿಬ್ಬರ ಮೈಯ ಅಚ್ಚು ತೆಗೆದು ಎರಡು ಬೊಂಬೆ ಮಾಡಿ ಕೊಟ್ಟದ್ದು ಆಂಟನಿ ಗಾರ್ಮ್ಲಿ. ಮತ್ತೆ ಸಿಲ್ವಿ ಗಿಲ್ಲೆಮ್ ಅಂತ ಫ್ರಾನ್ಸಿನ ಬ್ಯಾಲೆಯವರ ಜೊತೆ ಒಂದು, ಜೂಲಿಯೆಟ್ ಬಿನೋಷ್ ಅಂತ ಸಿನೆಮಾ ನಟಿಯ ಜೊತೆ ಇನ್ನೊಂದು. ಇದೆಲ್ಲ ನಾನು ನೋಡಿದ್ದಲ್ಲ, ಓದಿದ್ದು, ಹಾಗಾಗಿ ಬೇಗ ಹೇಳಿ ಮುಗಿಸ್ತೇನೆ. 2011ರ 'ದೇಶ್' ಬಗ್ಗೆ ಮಾತ್ರ ಒಂದು ಹೇಳ್ಬೇಕು, ಅದರಲ್ಲಿ ಅಕ್ರಮ್ ಬೋಳು ತಲೆಯ ನೆತ್ತಿಯ ಮೇಲೆ ಕಣ್ಣು ಬಾಯಿ ಬರೆದು ತಲೆ ಬಗ್ಗಿಸಿ ಕುಣೀತಾರೆ, ಆಗ ನೆತ್ತಿಯೇ ಇನ್ನೊಬ್ಬ ಮುದುಕನ ಮುಖ. ವಿಡಿಯೋ ತುಣುಕು ಮಾವನಿಗೆ ವಾಟ್ಸಾಪ್ ಮಾಡಿದೆ. ಬಣ್ಣದ ವೇಷದವರು ಗಂಟೆಗಟ್ಟಲೆ ಕೂತು ಮುಖಕ್ಕೆ ಅಕ್ಕಿ ಹಿಟ್ಟಿನ ಚಿಟ್ಟಿ ಇಡುವುದನ್ನು ಚೌಕಿಯಲ್ಲಿ ನೋಡಿ ಬೆಳೆದವರು ಅವರು, ಐದು ನಿಮಿಷದ ಬಣ್ಣದಲ್ಲಿ ಮನುಷ್ಯನನ್ನೇ ಬದಲಾಯಿಸಿದ್ದಾನೆ ಕಳ್ಳ ಅಂತ ವಾಯ್ಸ್ ಮೆಸೇಜ್ ಬಂತು. ಕಳ್ಳ ಅಂದ್ರೆ ಮಾವನ ಬಾಯಲ್ಲಿ ಮೆಚ್ಚುಗೆ.

ನಿಜ ಹೇಳ್ಬೇಕಾದ್ರೆ ನಾನು ಇವರದ್ದು ಮೊದಲು ನೋಡಿದ್ದು ಕ್ಸೆನೋಸ್ ಅಲ್ಲ. 2016ರ ಜನವರಿಯಲ್ಲಿ ಚಾಕ್ ಫಾರ್ಮ್ ಸ್ಟೇಷನ್ ಹತ್ತಿರ ರೌಂಡ್‌ಹೌಸ್ ಅಂತ ಒಂದು ಕಟ್ಟಡ, 1847ರಲ್ಲಿ ರೈಲು ಇಂಜಿನ್ ತಿರುಗಿಸ್ಲಿಕ್ಕೆ ಕಟ್ಟಿದ ದುಂಡನೆಯ ಶೆಡ್ಡು, ಈಗ ಅದರಲ್ಲಿ ಆಟ, ಅಲ್ಲಿ 'ಅಂಟಿಲ್ ದ ಲಯನ್ಸ್'. ಚಳಿಯಲ್ಲಿ ನಡುಗ್ತಾ ಹೋದದ್ದು ಯಾಕೆ ಅಂದ್ರೆ ಕತೆ ಅಂಬೆಯದ್ದು ಅಂತ ಎಲ್ಲೋ ಓದಿದ್ದೆ. ನಮ್ಮ ಕಡೆಯವರಿಗೆ ಅಂಬೆ ಅಂದ್ರೆ ಭೀಷ್ಮ ವಿಜಯ, ಮತ್ತೆ ಹೇಳ್ಲಿಕ್ಕುಂಟಾ. ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ ಕ್ಯಾಸೆಟ್ ಹಾಕಿಕೊಂಡು ಅಡಿಕೆ ಸುಲಿದ ಮನೆ ನಮ್ಮದು, ಅಲ್ಲಿ ಕುಣಿತ ಇಲ್ಲ ವೇಷ ಇಲ್ಲ, ಮಾತೇ ಎಲ್ಲ. ಇಲ್ಲಿ ನೋಡಿದ್ರೆ ತಿರುಗಾಮುರುಗಾ, ಭೀಷ್ಮನಾಗಿ ಅಕ್ರಮ್, ಅಂಬೆಯಾಗಿ ತೈವಾನಿನ ಚಿಂಗ್-ಯಿಂಗ್ ಚಿಯೆನ್ ಅಂತ ಹುಡುಗಿ, ಒಂದು ಗಂಟೆ ಕುಣಿದ್ರು, ನಮ್ಮ ಲೆಕ್ಕದ ಮಾತು ಇಲ್ಲವೇ ಇಲ್ಲ. ಅದನ್ನು ಹೇಳಿದಾಗ ಮಾವ "ಅರ್ಥವೇ ಇಲ್ಲದ ಆಟವಾ?" ಅಂದದ್ದು ಮನೆಯಲ್ಲಿ ಎಲ್ಲರೂ ಈಗಲೂ ಹೇಳಿ ನಗ್ತಾರೆ, ಅರ್ಥ ಅಂದ್ರೆ ನಮ್ಮಲ್ಲಿ ಪಾತ್ರಧಾರಿ ಆಡುವ ಮಾತು, ಆದ್ರೆ ಮಾವ ಜೋಕ್ ಮಾಡಿದ್ದಲ್ಲ, ಅವರಿಗೆ ನಿಜವಾಗಿ ಸಂಶಯ ಬಂದದ್ದು, ಪರಶುರಾಮ ಭೀಷ್ಮರ ವಾದ ಇಲ್ಲದೆ ಆ ಪ್ರಸಂಗ ಹೇಗೆ ನಡೀತದೆ ಅಂತ.

ನಡೀತದೆ ಮಾವ. ಅಂಬೆ ಶಿಖಂಡಿ ಆಗುವುದನ್ನು ಬೆನ್ನಿನಲ್ಲಿ ಭುಜದಲ್ಲಿ ತೋರಿಸಿದ್ದು ನೋಡಿದ್ರೆ ನೀವು ಚೆಂಡೆ ಕೆಳಗಿಡ್ತಿದ್ರಿ. ಇದರ ಮೂಲ ಬರಹ ಕಾರ್ತಿಕಾ ನಾಯರ್ ಅವರದ್ದು, ಮಲಯಾಳಿ, ಪ್ಯಾರಿಸಿನಲ್ಲಿರುವ ಕವಿ, ಮಹಾಭಾರತವನ್ನು ಬದಿಯಲ್ಲಿ ನಿಂತ ಪಾತ್ರಗಳ ಬಾಯಿಂದ ಹೇಳಿದ ಅವರ ಕಾವ್ಯದಿಂದ ತೆಗೆದ ಕತೆ ಇದು. ರಂಗಸ್ಥಳ ದೊಡ್ಡ ಮರ ಕಡಿದು ಅಡ್ಡ ಕೊಯ್ದಿಟ್ಟ ಹಾಗೆ, ಉಂಗುರ ಉಂಗುರ ಕಾಣ್ತದೆ, ಅದನ್ನು ಮಾಡಿದ್ದು ಟಿಮ್ ಯಿಪ್, ಹಾಂಗ್‌ಕಾಂಗಿನವರು, ಕಲಾ ನಿರ್ದೇಶನಕ್ಕೆ ಆಸ್ಕರ್ ಗೆದ್ದವರು. ಹಾಡುವವರು ಬಾರಿಸುವವರು ಆ ಮರದ ಸುತ್ತ ಕೂತಿದ್ರು, ಅದರಲ್ಲಿ ಸೋಹಿನಿ ಆಲಂ ಅಂತ ಬಂಗಾಳಿ ಮೂಲದ ಗಾಯಕಿ ಒಬ್ಬರು, ಅವರ ದನಿ ಆ ದುಂಡನೆಯ ಕಟ್ಟಡದಲ್ಲಿ ಸುತ್ತು ಬಂದು ಹಿಂದಿನಿಂದ ಕಿವಿಗೆ ಬೀಳ್ತಿತ್ತು. ಕೇರಳದ ಕವಿ, ತೈವಾನಿನ ಅಂಬೆ, ಢಾಕಾ ಮೂಲದ ಭೀಷ್ಮ, ಎದುರಿಗೆ ಕುಂಬಳೆ ಸೀಮೆಯ ನಾನು, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವ, ನನಗೆ ಯಾರೂ ಎಂತದ್ದೂ ವಿವರಿಸ್ಬೇಕಾಗ್ಲಿಲ್ಲ. ಪಕ್ಕದ ಸೀಟಿನ ಬಿಳಿ ಅಜ್ಜಿಗೆ ನಾನೇ ಇಂಟರ್ವಲ್ ಇಲ್ಲದ ಆಟ ಮುಗಿದ ಮೇಲೆ ಕತೆ ಹೇಳಿದೆ, ಅವಳು ಪಾಪ ಲಾಸ್ಟ್ ಟ್ರೈನ್ ನೆನಪು ಮಾಡಿ ಎದ್ದು ಹೋದಳು.

ಈಗ ಕ್ಸೆನೋಸ್. ಅದು ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ, 1683ರಿಂದ ಆಟ ನಡೆಯುವ ಜಾಗ, ಈಗಿನ ಕಟ್ಟಡ ಮಾತ್ರ 1998ರದ್ದು. ನಾನು ಎಲ್ಲಕ್ಕಿಂತ ಮೇಲಿನ ಸಾಲು, ಅಗ್ಗದ ಸೀಟು. ಜನ ಒಳಗೆ ಬಂದು ಕೋಟು ತೆಗೆದು ಸೀಟು ಹುಡುಕುವಾಗಲೇ ಸ್ಟೇಜಿನಲ್ಲಿ ಇಬ್ಬರು ಕೂತು ಶುರು ಮಾಡಿ ಆಗಿತ್ತು, ಒಬ್ಬರು ಹಾಡ್ತಿದ್ರು, ಒಬ್ಬರು ಬಾರಿಸ್ತಿದ್ರು, ಮದುವೆ ಮನೆಯ ಮೆಹಫಿಲ್ ಹಾಗೆ. ನನಗೆ ಗದ್ದೆಯಲ್ಲಿ ಚಾಪೆ ಹಾಸಿ ಜಾಗ ಹಿಡಿಯುವಾಗ ಅತ್ತ ಪೂರ್ವರಂಗ ನಡೀತಾ ಇರ್ತದಲ್ಲ, ಅದೇ ನೆನಪು. ಹಾಡುವವರು ಆದಿತ್ಯ ಪ್ರಕಾಶ್, ಅಮೆರಿಕದಲ್ಲಿ ಬೆಳೆದ ಕರ್ನಾಟಕ ಸಂಗೀತದವರು. ಬಾರಿಸುವವರ ಬಾಯಿಂದ ಕೊನ್ನಕೋಲ್, ಅಂದ್ರೆ ಬಾಯಲ್ಲೇ ಹೇಳುವ ತಾಳದ ಸೊಲ್ಲು, ಶುರುವಾದದ್ದೇ ನಾನು ಮುಂದೆ ಬಗ್ಗಿದೆ, ಅವರು ಬಿ.ಸಿ. ಮಂಜುನಾಥ್, ನಮ್ಮ ಬೆಂಗಳೂರಿನ ಮೃದಂಗದವರು! ಮಾವ ಕೇಳಿದ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಉಂಟಾ, ಹಿಮ್ಮೇಳ ನಮ್ಮವರದ್ದೇ ಅಂತ ಕೂಗಿ ಹೇಳ್ಬಹುದಿತ್ತು, ಆದ್ರೆ ಫೋನಿನಲ್ಲಿ ಅದು ತಲೆಗೆ ಬರ್ಬೇಕಲ್ಲ.

ಸ್ವಲ್ಪ ಹೊತ್ತಿಗೆ ಆ ಮನೆ, ಕುರ್ಚಿ, ಹಾಸು ಎಲ್ಲ ಹಗ್ಗದಲ್ಲಿ ಎಳೆದ ಹಾಗೆ ಹಿಂದಿನ ಇಳಿಜಾರು ಹತ್ತಿ ಆಚೆ ಮಾಯ. ಇಳಿಜಾರು ಅಂದ್ರೆ ಗೋಡೆಯಷ್ಟು ಕಡಿದಾದ್ದು, ಮಿರೆಲ್ಲಾ ವೈನ್‌ಗಾರ್ಟನ್ ಅಂತ ವಿನ್ಯಾಸಕಿ ಮಾಡಿದ್ದು, ಅದೇ ಮತ್ತೆ ಯುದ್ಧದ ಕಂದಕ. ಕುಣಿಯುವವ ಒಬ್ಬ ಡ್ಯಾನ್ಸರ್, ಮೊದಲ ಮಹಾಯುದ್ಧಕ್ಕೆ ಸಿಪಾಯಿಯಾಗಿ ಹೋಗಿ ತಲೆ ಕೆಟ್ಟು ಹೋದವ. ಆ ಯುದ್ಧಕ್ಕೆ ನಮ್ಮ ದೇಶದಿಂದ ಹತ್ತು ಲಕ್ಷಕ್ಕಿಂತ ಹೆಚ್ಚು ಜನ ಹೋಗಿದ್ರು, ಅದರ ನೂರು ವರ್ಷದ ನೆನಪಿಗೆ ಇಲ್ಲಿ '14-18 ನೌ' ಅಂತ ಕಲಾ ಕಾರ್ಯಕ್ರಮ ನಡೆಸಿದ್ರು, ಅವರು ಆಡಿಸಿದ್ದು ಇದು, ಮೊದಲ ಪ್ರದರ್ಶನ ಅದೇ ವರ್ಷ ಫೆಬ್ರವರಿಯಲ್ಲಿ ಅಥೆನ್ಸಿನಲ್ಲಿ ಒನಾಸಿಸ್ ಸಂಸ್ಥೆಯಲ್ಲಿ. ನಮ್ಮ ಹರಕೆ ಆಟದ ಹಾಗೇ ಲೆಕ್ಕ, ಖರ್ಚು ಹೊರುವವರು ಬೇರೆ ಬೇರೆ ಊರಿನವರು, ದೇವರು ಮಾತ್ರ ಇಲ್ಲ.

ಕ್ಸೆನೋಸ್ ಅಂದ್ರೆ ಗ್ರೀಕಿನಲ್ಲಿ ಪರಕೀಯ, ಹೊರಗಿನವ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಹೋದಾಗ ಜಗಲಿಯಲ್ಲಿ ಕೂತಲ್ಲಿಂದ ಏಳದೆ ಇನ್ನೊಂದು ರಾಜ್ಯಕ್ಕೆ ಸೇರಿದ ಅಜ್ಜನ ಮೊಮ್ಮಗ ನಾನು, ಆ ಶಬ್ದಕ್ಕೆ ನನಗೆ ಡಿಕ್ಷನರಿ ಬೇಡ.

ನಡುವಲ್ಲಿ ಒಂದು ಜಾಗ ಉಂಟು, ಸಿಪಾಯಿ ಕಾಲಿನ ಗೆಜ್ಜೆ ಬಿಚ್ಚುತ್ತಾನೆ. ಕಥಕ್ ಗೆಜ್ಜೆ ಅಂದ್ರೆ ಹಗ್ಗದಲ್ಲಿ ಪೋಣಿಸಿ ಕಣಕಾಲಿಗೆ ಸುತ್ತುವುದು, ಬಿಚ್ಚಿದಷ್ಟೂ ಉದ್ದ. ಅದನ್ನು ಎದೆಗೆ ಅಡ್ಡ ಸುತ್ತಿಕೊಂಡಾಗ ಗುಂಡಿನ ಪಟ್ಟಿ ಹಾಗೆ ಕಂಡಿತು. ಇದನ್ನು ಹೇಳುವಾಗ ಫೋನಿನ ಆ ಕಡೆ ಶಬ್ದ ಇಲ್ಲ. ಲೈನ್ ಕಟ್ಟಾಯ್ತಾ ಅಂತ ಹಲೋ ಹಲೋ ಅಂದೆ. ಗೆಜ್ಜೆಯನ್ನು ಕಣ್ಣಿಗೆ ಒತ್ತಿಕೊಳ್ಳದೆ ಕಟ್ಟುವ ಕ್ರಮವೇ ನಮ್ಮಲ್ಲಿ ಇಲ್ಲವಲ್ಲ.

"ಮತ್ತೆ ಹಿಮ್ಮೇಳ ಎಲ್ಲಿಗೆ ಹೋಯ್ತು?" ಅಂತ ಆಮೇಲೆ ಕೇಳಿದ್ರು. ಐದು ಜನ, ಇವರಿಬ್ಬರು ಮತ್ತೆ ವಯಲಿನ್, ಡಬಲ್ ಬಾಸ್, ಸ್ಯಾಕ್ಸೊಫೋನ್‌ನ ಮೂವರು, ಇಳಿಜಾರಿನ ಹಿಂದೆ ಎತ್ತರದಲ್ಲಿ ಕತ್ತಲೆಯಲ್ಲಿ ಇದ್ದಾರೆ, ಮೈಕಲ್ ಹಲ್ಸ್ ಅವರ ಲೈಟು ಬಿದ್ದಾಗ ಮಾತ್ರ ಗಾಳಿಯಲ್ಲಿ ತೇಲಿದ ಹಾಗೆ ಕಾಣ್ತಾರೆ. "ಭಾಗವತರನ್ನು ಅಟ್ಟದಲ್ಲಿ ಕೂರಿಸಿದ್ರಾ!" ಅಂತ ಮಾವನಿಗೆ ಬೇಜಾರು. ನಮ್ಮಲ್ಲಿ ಭಾಗವತರು ಎಲ್ಲರಿಗೂ ಕಾಣುವ ಹಾಗೆ ಕೂತು ಆಟ ಆಡಿಸ್ತಾರೆ, ಅವರೇ ಮೊದಲನೇ ವೇಷ ಅಂತ ಲೆಕ್ಕ. ಸಂಗೀತ ಕಟ್ಟಿದ್ದು ವಿನ್ಸೆನ್ಜೊ ಲಮಾನ್ಯಾ ಅಂತ ಇಟಲಿಯವರು, ಅವರು ಸ್ಟೇಜಿನಲ್ಲಿಯೇ ಇಲ್ಲ ಅಂದದ್ದಕ್ಕೆ ಇನ್ನೂ ಬೇಜಾರು. ಡ್ರಾಮಟರ್ಗ್ ರೂತ್ ಲಿಟಲ್ ಅಂತ ಒಬ್ಬರಿದ್ದಾರೆ, ಅವರು ಬರೆಯುವವರೂ ಅಲ್ಲ ಕುಣಿಯುವವರೂ ಅಲ್ಲ, ರಿಹರ್ಸಲ್ಲಿನಲ್ಲಿ ಬದಿಗೆ ಕೂತು ಇದು ಯಾಕೆ ಬೇಕು, ಇದು ಎಲ್ಲಿಗೆ ಹೋಗ್ತಾ ಉಂಟು ಅಂತ ಕೇಳುವವರು ಅಂತ ವಿವರಿಸಿದೆ. "ಯಾವ ಪದ್ಯ ಇಡ್ಬೇಕು ಯಾವುದು ಬಿಡ್ಬೇಕು ಅಂತ ನೋಡುವುದು, ಅಷ್ಟೇ ಅಲ್ವಾ? ಅದೂ ಭಾಗವತರದ್ದೇ ಕೆಲಸ. ಒಬ್ಬರು ಮಾಡುವ ಕೆಲಸಕ್ಕೆ ಮೂರು ಜನ ಇಟ್ಟಿದ್ದಾರೆ ನಿಮ್ಮವರು."

ಕೊನೆಗೆ ರಜೆಗೆ ಊರಿಗೆ ಹೋದಾಗ ಪುಸ್ತಕ ತೆಗೆದುಕೊಂಡು ಹೋದೆ. ಮಾವ ಕನ್ನಡಕ ಹಾಕಿ ಹೆಸರಿನ ಪುಟ ಮಾತ್ರ ನೋಡಿದ್ರು, ಇಂಗ್ಲಿಷ್ ಓದ್ಲಿಕ್ಕೆ ನಿಧಾನ, ಬೆರಳಿಟ್ಟು ಒಂದೊಂದಾಗಿ ಇದು ಯಾರು ಇದು ಯಾರು ಅಂತ. ಬಟ್ಟೆ ಕಿಮಿಯೆ ನಕಾನೊ. ಬರಹ ಕೆನಡಾದ ಜೋರ್ಡನ್ ಟ್ಯಾನಹಿಲ್. ರಿಹರ್ಸಲ್ ನೋಡಿಕೊಳ್ಳುವುದು ಮಾವಿನ್ ಕೂ, ಮಲೇಷ್ಯಾದವರು, ಭರತನಾಟ್ಯ ಕಲಿತವರು. ಲೈಟಿನವರ ಹೆಸರಿಗೆ ಬಂದಾಗ ಅಲ್ಲೇ ಬೆರಳು ನಿಲ್ಲಿಸಿ, ಮೊದಲು ನಮ್ಮ ಆಟಕ್ಕೆ ಗ್ಯಾಸ್‌ಲೈಟ್ ತಲೆ ಮೇಲೆ ಹೊತ್ತು ಗದ್ದೆಬದುವಿನಲ್ಲಿ ಬರ್ತಿದ್ದವ, ರಾತ್ರಿಯಿಡೀ ಎದ್ದಿದ್ದು ಅದಕ್ಕೆ ಗಾಳಿ ಹಾಕ್ತಿದ್ದವ, ಅವನ ಹೆಸರು ಅಂತ ಶುರು ಮಾಡಿದ್ರು, ಮತ್ತೆ ನೆನಪಾಗ್ಲಿಲ್ಲ. ಅತ್ತೆಯನ್ನು ಕರೆದು ಕೇಳಿದ್ರು, ಅತ್ತೆಗೂ ಗೊತ್ತಿಲ್ಲ. ಕಪಾಟಿನಿಂದ ಹಳೇ ನೋಟೀಸುಗಳ ಕಟ್ಟು ತಂದು ಬಿಚ್ಚಿದ್ರು, ಭಾಗವತರ ಹೆಸರು ಉಂಟು, ವೇಷದವರದ್ದು ಉಂಟು, ಅಧ್ಯಕ್ಷತೆ ವಹಿಸಿದವರದ್ದು ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಉಂಟು.

ಪುಸ್ತಕ ಅಲ್ಲೇ ಬಿಟ್ಟು ಬಂದೆ, ವಾಪಸ್ ಕೊಡುವ ಅಂದಾಜು ಕಾಣುವುದಿಲ್ಲ. ಮೊನ್ನೆ ರಾತ್ರಿ ವಾಯ್ಸ್ ಮೆಸೇಜ್ ಬಂದಿದೆ, ಹಿಂದೆ ಮಳೆ ಸುರಿಯುವ ಶಬ್ದ, ಮಾವ ಕೇಳ್ತಾರೆ, "ಕುರ್ಚಿ ಚಾಪೆ ಎಲ್ಲ ಹಗ್ಗದಲ್ಲಿ ಮೇಲೆ ಎಳೆದ್ರು ಅಂದೆಯಲ್ಲ, ಆ ಹಗ್ಗ ಎಳೆದವರು ಎಷ್ಟು ಜನ? ಅವರ ಹೆಸರು ಈ ಪುಟದಲ್ಲಿ ಯಾವ ಸಾಲಿನಲ್ಲಿ ಉಂಟು, ಒಮ್ಮೆ ಹೇಳು."