ಸೇರಿನ ಮೇಲಿನ ಕೊಸರು

ಕಥೆಗೆ ಅಂತ ಒಂದು ಕಾಲ್ಪನಿಕ ರಾಜ್ಯ ಕಟ್ತಿದೀನಿ, ಅಲ್ಲಿನ ಟೈಮು ಅಳತೆ ದುಡ್ಡು ಎಲ್ಲಾನೂ ಹತ್ತು ಹತ್ತರ ಲೆಕ್ಕದಲ್ಲಿ ಎಕ್ಸೆಲ್ ಶೀಟಲ್ಲಿ ನೀಟಾಗಿ ಹಾಕಿಟ್ಟಿದ್ದೆ, ಆದ್ರೆ ಓದಿದ್ರೆ ಜೀವಾನೇ ಇಲ್ಲ. ಇವತ್ತು ಸಂಜೆ ದಾವಣಗೆರೆಲಿ ಮಂಡಕ್ಕಿ ತಗೊಳಕ್ಕೆ ಹೋಗಿದ್ದೆ. ಅಜ್ಜಿ ಸೇರಿನ ಬಾಯಿಗೆ ಕೈ ಅಡ್ಡ ಇಟ್ಟು, ಮೇಲೆ ಗೋಪುರ ನಿಲ್ಲೋ ಹಂಗೆ ತುಂಬಿ ಚೀಲಕ್ಕೆ ಸುರಿದು, ಆಮೇಲೆ ಇನ್ನೊಂದು ಹಿಡಿ ಹಾಕಿ "ತಗಳಪ್ಪ, ಕೊಸರು" ಅಂದ್ರು. ಅಲ್ಲೇ ಹೊಳೀತು ನಂಗೆ. ಗೇಣು, ಮೊಳ, ಮಾರು, ಬೊಗಸೆ, ಎಲ್ಲಾ ಮೈಯಿಂದಾನೇ ಹುಟ್ಟಿದ ಅಳತೆ ಅಲ್ವಾ! ಹಿಂದೆ ಟೈಮ್ ಅಳೆಯೋಕೆ ನೀರಲ್ಲಿ ಬಿಟ್ಟ ತೂತಿನ ಬಟ್ಟಲು ತುಂಬಿ ಮುಳುಗಿದ್ರೆ ಒಂದು ಗಳಿಗೆ, ಅಂದ್ರೆ 24 ನಿಮಿಷ, ದಿನಕ್ಕೆ 60. ರೂಪಾಯಿಗೆ 16 ಆಣೆ, 1957ರಲ್ಲಿ ಅದು ಹೋಗಿ 100 ಪೈಸೆ ಲೆಕ್ಕ ಬಂತು, ಆದ್ರೂ ನಮ್ಮನೇಲಿ ಹಿರಿಯರು 50 ಪೈಸೆಗೆ ಎಂಟಾಣೆ ಅಂತಾನೇ ಅನ್ನೋರು, 16 ಯಾಕೆ ಚೆಂದ ಅಂದ್ರೆ ಅರ್ಧ, ಕಾಲು, ಅರೆಕಾಲು ಅಂತ ಒಡೀತಾ ಹೋದ್ರೂ ಚೂರು ಉಳಿಯಲ್ಲ. ಮನೆಗೆ ಬಂದು ಶೀಟ್ ಅಳಿಸಿದೆ. ಈಗ ನನ್ನ ರಾಜ್ಯದ ನಾಣ್ಯಕ್ಕೆ 16 ಪಾಲು, ಕೋಟೆ ಕಾವಲಿನ ಪಾಳಿ ಗಳಿಗೆ ಲೆಕ್ಕದಲ್ಲಿ, ಮತ್ತೆ ಕೊಸರು ಹಾಕದೆ ಕಾಳು ಅಳೆಯೋ ವ್ಯಾಪಾರಿನ ಆ ಊರಲ್ಲಿ ಯಾರೂ ನಂಬಲ್ಲ.