ತೂತಿಲ್ಲದ ಕೊಳ ಸೋರಿದ್ದು ಹೇಗೆ

ಸೋರಿಕೆ ಕೊನೆಗೂ ಸಿಕ್ಕಿತು. ಹುಡುಕಿದ್ದು ತೂತು, ಸಿಕ್ಕಿದ್ದು ಬತ್ತಿ.

ಮನೆಯ ಕೈತೋಟದ ಕೊಳ ಎಂಟಡಿ ಉದ್ದ, ಐದಡಿ ಅಗಲ, ಒಂದೂವರೆ ಅಡಿ ಆಳ. ಹೆಚ್ಚುಕಡಿಮೆ 1,700 ಲೀಟರ್. ಮಟ್ಟ ಒಂದು ಮಿಲಿಮೀಟರ್ ಇಳಿದರೆ 3.7 ಲೀಟರ್ ಹೋದಂತೆ. ಇಳಿಯುತ್ತಿದ್ದದ್ದು ದಿನಕ್ಕೆ 16 ಮಿ.ಮೀ., ಅಂದರೆ 60 ಲೀಟರ್. ಕುಡಿಯುವ ನೀರನ್ನು ಕೈತೋಟಕ್ಕೆ, ಕಾರಂಜಿಗೆ ಬಳಸಿದರೆ 5,000 ರೂ. ದಂಡ, ತಪ್ಪು ಮುಂದುವರಿದರೆ ದಿನಕ್ಕೆ 500 ರೂ. ಹೆಚ್ಚುವರಿ ಎಂದು ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿದ ಮೇಲೆ, ನಲ್ಲಿ ಪೈಪನ್ನು ಕೊಳದ ಕಡೆ ತಿರುಗಿಸುವ ಮಾತೇ ಇಲ್ಲ.

ಬಕೆಟ್ ಪರೀಕ್ಷೆ ಎಲ್ಲರಿಗೂ ಗೊತ್ತು: ನೀರು ತುಂಬಿದ ಬಕೆಟನ್ನು ಕೊಳದಲ್ಲೇ ಇಟ್ಟು, ಎರಡರ ಮಟ್ಟವೂ ದಿನಕ್ಕೆ ಎಷ್ಟು ಮಿ.ಮೀ. ಇಳಿಯಿತೆಂದು ನೋಡುವುದು. ಬಕೆಟ್‌ನಲ್ಲಿ ಇಳಿದದ್ದು ಬರೀ ಆವಿ, ಕೊಳದಲ್ಲಿ ಅದಕ್ಕಿಂತ ಹೆಚ್ಚು ಇಳಿದದ್ದು ಬೇರೆ ನಷ್ಟ. ಎರಡು ಎಚ್ಚರಿಕೆ ಮಾತ್ರ: ಕಪ್ಪು ಬಕೆಟ್ ಬೇಡ, ಬೇಗ ಕಾಯುತ್ತದೆ, ಬಕೆಟ್‌ನ ಬಾಯಿ ನೀರಿನಿಂದ ಎರಡು ಇಂಚಿಗಿಂತ ಮೇಲೆ ನಿಂತರೆ ಒಳಗೆ ಗಾಳಿಯಾಡದೆ ಆವಿ ಕಡಿಮೆ ತೋರಿಸುತ್ತದೆ. ಪುಟ್ಟ ಜಲಪಾತದ ಪಂಪು ಓಡುವಾಗ ಬಕೆಟ್ 6, ಕೊಳ 16. ಪಂಪು ನಿಲ್ಲಿಸಿದಾಗ ಬಕೆಟ್ 6, ಕೊಳ 10. ಹಾಗಾಗಿ ಬಿಸಿಲು ಕುಡಿದದ್ದು 6, ಜಲಪಾತ ಚೆಲ್ಲಿದ್ದು 6, ಲೆಕ್ಕಕ್ಕೆ ಸಿಗದ ಕಳ್ಳ 4.

ಆ ನಾಲ್ಕು ಮಿಲಿಮೀಟರೇ ತಲೆ ತಿಂದದ್ದು. ಪಂಪು ನಿಲ್ಲಿಸಿ ನೀರು ತಾನಾಗಿ ಇಳಿಯಲು ಬಿಟ್ಟರೆ, ತೂತಿನ ಮಟ್ಟಕ್ಕೆ ಬಂದಾಗ ಸೋರಿಕೆ ನಿಲ್ಲುತ್ತದೆ. ನಿಂತಿತು ಕೂಡ: 38 ಮಿ.ಮೀ. ಇಳಿದ ಮೇಲೆ ಕೊಳವೂ ಬಕೆಟ್ಟೂ ಸಮಸಮ. ನೀರು ಇಂಗದಂತೆ ಕೊಳಕ್ಕೆ ಹಾಸಿದ ಶೀಟನ್ನು ಆ ಗೆರೆಗುಂಟ ಇಂಚಿಂಚು ತಡವಿ, ಮಡಿಕೆ ಬಿಡಿಸಿ, ಸಿರಿಂಜಿನಲ್ಲಿ ಹಾಲು ಬಿಟ್ಟು ನೋಡಿದ್ದಾಯಿತು. ತೂತಿದ್ದರೆ ಹಾಲಿನ ಎಳೆ ಅತ್ತ ಎಳೆದುಕೊಂಡು ಹೋಗಬೇಕು. ಹಾಲು ಸುಮ್ಮನೆ ಕರಗಿತು, ಗಪ್ಪಿ ಮೀನುಗಳು ಬಂದು ಮೂಸಿ ಹೋದವು. ಅನುಮಾನ ಬಂದ ಎರಡು ಮಡಿಕೆಗೆ ತೇಪೆಯೂ ಬಿತ್ತು. ‘ನೀರೊಳಗೂ ಹಿಡಿಯುತ್ತದೆ’ ಎಂದು ಮಾರುವ ಆ ಟೇಪು ಬೆರಳನ್ನು ಬಿಟ್ಟು ಬೇರೇನನ್ನೂ ಹಿಡಿಯಲಿಲ್ಲ.

ಸುಳಿವು ಇದ್ದದ್ದು ಹೊರಗೆ. ಸುತ್ತಲ ಮಣ್ಣೆಲ್ಲ ಬಿರುಕು ಬಿಟ್ಟಿದ್ದರೂ ಒಂದು ಬದಿಯ ಬ್ರಾಹ್ಮಿ ಮಾತ್ರ ಹಸಿರೋ ಹಸಿರು. ಅಂಚಿನ ಶೀಟು ಕಾಣದಿರಲಿ ಎಂದು ಅಲ್ಲಿ ನಾಲ್ಕಡಿ ಅಗಲದ ತೆಂಗಿನ ನಾರಿನ ಚಾಪೆ ಇಳಿಬಿಡಲಾಗಿತ್ತು. ಅದರ ತುದಿ ನೀರೊಳಗೆ ಮುಳುಗಿದ್ದದ್ದು ಸರಿಯಾಗಿ 38 ಮಿ.ಮೀ.! ಹಣತೆಯ ಬತ್ತಿ ಅಂಚಿನಿಂದಾಚೆ ಬಾಗಿದರೆ ಬೆಳಗಾಗುವಷ್ಟರಲ್ಲಿ ನೆಲದ ಮೇಲೆ ಎಣ್ಣೆ ಕಲೆಯಾಗುತ್ತದಲ್ಲ, ಅದೇ ಕತೆ. ಹೊಸ ನಾರಿನಲ್ಲಿ ನೀರು ಅಷ್ಟಾಗಿ ಏರುವುದಿಲ್ಲ. ಎಳೆಗಳ ನಡುವೆ ಮಣ್ಣು, ಪಾಚಿ, ಬೇರು ತುಂಬಿದ ಮೇಲೆ ಚಾಪೆ ಬತ್ತಿಯಾಗುತ್ತದೆ. ಹೊರಗಿನ ಮಣ್ಣು ಒಣಗಿದಷ್ಟೂ ಎಳೆತ ಜಾಸ್ತಿ. ಮಳೆಗಾಲದಲ್ಲಿ ಸೋರದ ಕೊಳ ಬೇಸಿಗೆಯಲ್ಲೇ ಸೋರುವುದಕ್ಕೆ ಕಾರಣ ಇದು.

ರಿಪೇರಿಗೆ ಅರ್ಧ ದಿನ, ಖರ್ಚು ಸೊನ್ನೆ. ಚಾಪೆಯನ್ನು ಅಂಚಿನ ಒಳಗೇ ನಿಲ್ಲುವಂತೆ ಕತ್ತರಿಸಬೇಕು. ಶೀಟಿನ ಅಂಚನ್ನು ಹೊರಗಿನ ಮಣ್ಣಿಗಿಂತ ಎರಡು ಇಂಚು ಮೇಲೆ ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಕಲ್ಲು ಒತ್ತಿಡಬೇಕು. ಒಳಗಿನ ಬೇರಿಗೂ ಹೊರಗಿನ ಮಣ್ಣಿಗೂ ಎಲ್ಲೂ ನಂಟಿರಬಾರದು. ಈಗ ಬಕೆಟ್ 6, ಕೊಳ 6.

ಜಲಪಾತದ ಬೀಳು ಎರಡಡಿಯಿಂದ ಎಂಟು ಇಂಚಿಗೆ ಇಳಿದಿದೆ. ಕಾದ ಕಲ್ಲಿನ ಮೇಲೆ ನೀರು ಹರಡುವುದು ತಪ್ಪಿತು. ಅದೂ ಬೆಳಗ್ಗೆ ಎರಡು ಗಂಟೆ ಮಾತ್ರ. ಉಳಿದ ಹೊತ್ತು ಐದು ವ್ಯಾಟಿನ ಏರ್ ಪಂಪು. ರಾತ್ರಿ ಅದನ್ನು ನಿಲ್ಲಿಸಬೇಡಿ, ಬೆಚ್ಚಗಿನ ನೀರಲ್ಲಿ ಆಮ್ಲಜನಕ ಕಡಿಮೆ, ಮೀನು ಬಾಯಿ ಮೇಲೆ ಮಾಡುವುದು ನಸುಕಿನಲ್ಲೇ. ಜಲಪಾತದ ಪಂಪಿನ ಡಬ್ಬದ ಮೇಲಿನ ‘ಗಂಟೆಗೆ 1,800 ಲೀಟರ್’ ನೀರನ್ನು ಮೇಲೆತ್ತದೆ ಓಡಿಸಿದಾಗಿನ ಲೆಕ್ಕ. ಎರಡಡಿ ಎತ್ತಿದರೆ ಎಷ್ಟು ಅಂತ ಕೇಳಿದರೆ ಅಂಗಡಿಯವರು ಗ್ಯಾರಂಟಿ ಕಾರ್ಡು ತೋರಿಸುತ್ತಾರೆ. ನೆರಳಿಗೆ ನೈದಿಲೆ ಎಲೆ ಸಾಕು. ಕೆರೆಯಲ್ಲಿ ನೇರಳೆ ಹೂ ಬಿಡುವ ಆ ಕಳೆಯನ್ನು (ವಾಟರ್ ಹಯಸಿಂತ್) ತಂದು ಬಿಡುವವರಿದ್ದಾರೆ. ಅದು ಬಯಲು ನೀರಿಗಿಂತ ಹೆಚ್ಚು ಆವಿ ಮಾಡುತ್ತದೆ.

ಈಗ ಹೊಸ ತಲೆನೋವು. ದಿನದ 22 ಲೀಟರ್ ತುಂಬುವುದು ನೀರು ಶುದ್ಧೀಕರಿಸುವ ಆರ್‌ಒ ಯಂತ್ರ ಹೊರಹಾಕುವ ನೀರಿನಿಂದ, ಟಿಡಿಎಸ್ (ಲೀಟರಿನಲ್ಲಿ ಕರಗಿದ ಉಪ್ಪಿನಂಶ, ಮಿಲಿಗ್ರಾಂನಲ್ಲಿ) 900. ಆವಿಯಾಗುವುದು ನೀರಷ್ಟೇ, ಉಪ್ಪು ಕೂರುತ್ತದೆ: ದಿನಕ್ಕೆ 20 ಗ್ರಾಂ, ಟಿಡಿಎಸ್ 12ರಂತೆ ಏರಿಕೆ, ತಿಂಗಳಿಗೆ 360. ಇಷ್ಟು ದಿನ ಒಂದಷ್ಟು ಉಪ್ಪನ್ನು ಹೊರಸಾಗಿಸುತ್ತಿದ್ದದ್ದು ಅದೇ ಹಾಳು ಸೋರಿಕೆ!

ಹಾಗಾಗಿ ಭರಣಿ ಮಳೆಯೊಳಗೆ, ಉಪ್ಪಿಲ್ಲದ ಮಳೆನೀರು ಹಿಡಿಯಲು 200 ಲೀಟರ್ ಡ್ರಮ್ಮು ಕೂರಬೇಕು. 20 ಚದರ ಮೀಟರ್ ತಾರಸಿಗೆ 10 ಮಿ.ಮೀ. ಮಳೆ ಬಿದ್ದರೆ 200 ಲೀಟರ್. ಮೊದಲ 20 ಲೀಟರ್ ಧೂಳು, ಪಾರಿವಾಳದ ಹಿಕ್ಕೆ, ಅದು ಹೊರಗೆ. ಆ 20 ಲೀಟರನ್ನು ಡ್ರಮ್ಮಿಗೆ ಬಿಡದೆ ಹಿಡಿದಿಡಲು ನಾಲ್ಕು ಇಂಚಿನ ಪೈಪಾದರೆ ಎಂಟಡಿ ಉದ್ದ ಬೇಕು, ಗೋಡೆಯಲ್ಲಿರುವುದು ಆರಡಿ ಜಾಗ. ಆರು ಇಂಚಿನದಾದರೆ ನಾಲ್ಕಡಿ ಸಾಕು, ಆದರೆ ಅದರ ಮುಚ್ಚಳ ಯಾವ ಅಂಗಡಿಯಲ್ಲೂ ಒಂದೇ ಸಿಗುವುದಿಲ್ಲ, ಡಜನ್ ಕೊಳ್ಳಬೇಕಂತೆ.